ಕೈಪಿಡಿ ದಪ್ಪಗಿದ್ದರೆ ಸಾಕೇ?

ಊಟಿಯಿಂದ ಕಲ್ಹಟ್ಟಿ ದಾರಿಯಲ್ಲಿ ಮಸಿನಗುಡಿಗೆ ಇಳಿದವರಿಗೆ ಅಲ್ಲಿನ 36 ತಿರುವುಗಳೂ ಗೊತ್ತು, ಬ್ರೇಕ್ ಕಾದ ವಾಸನೆಯೂ ಗೊತ್ತು. ಎಲೆಕ್ಟ್ರಿಕ್ ಕಾರಿಗೆ ಆ ಚಿಂತೆಯೇ ಇಲ್ಲ ಅಂತಾರೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಜನರೇಟರ್ ಆಗಿ ಕಾರನ್ನು ತಡೆಯುತ್ತೆ, ಬ್ಯಾಟರಿಯೂ ತುಂಬುತ್ತೆ. ನಿಜವೇ.

ಲೆಕ್ಕ ಹಾಕಿ ನೋಡಿ. ಕಾರಿನ ದ್ರವ್ಯರಾಶಿ 1,600 ಕಿಲೋಗ್ರಾಂ, ಇಳಿಯುವ ಎತ್ತರ ಸುಮಾರು 1,200 ಮೀಟರ್. ಇವನ್ನು ಗುಣಿಸಿ, ಮತ್ತೆ 9.8ರಿಂದ ಗುಣಿಸಿದರೆ ಹೆಚ್ಚುಕಡಿಮೆ 1.9 ಕೋಟಿ ಜೂಲ್. ಅಂದರೆ 5 ಯೂನಿಟ್ ಕರೆಂಟಿಗಿಂತ ತುಸು ಹೆಚ್ಚು. ಗಾಳಿಗೆ, ಟೈರಿಗೆ ಒಂದಿಷ್ಟು ಹೋಯಿತು ಅನ್ನಿ. ಉಳಿದದ್ದು ಎಲ್ಲಾದರೂ ಹೋಗಲೇಬೇಕಲ್ಲ?

ಊಟಿಯಲ್ಲೇ ರಾತ್ರಿಯಿಡೀ ಚಾರ್ಜ್ ಮಾಡಿ ಬ್ಯಾಟರಿ ನೂರಕ್ಕೆ ನೂರು ತುಂಬಿಸಿಕೊಂಡು ಹೊರಟರೆ ಅದಕ್ಕೆ ಜಾಗವೇ ಇರುವುದಿಲ್ಲ. ಆಗ ಮೋಟಾರಿನ ತಡೆ ಕಡಿಮೆಯಾಗುತ್ತೆ, ಭಾರವೆಲ್ಲ ಕಾಲಿನ ಬ್ರೇಕಿಗೆ. ಚಳಿಗೆ ಬ್ಯಾಟರಿ ತಣ್ಣಗಾಗಿದ್ದರೂ ಹೀಗಾಗಬಹುದು.

ಕಂಪನಿಯವರು ಇದನ್ನು ಹೇಳಿಲ್ಲ ಅನ್ನುವಂತಿಲ್ಲ. ಹಲವು ಕಾರುಗಳ ಕೈಪಿಡಿಯಲ್ಲಿ ಈ ಮಾತಿದೆ. ಆದರೆ ನೂರಾರು ಪುಟಗಳ ನಡುವೆ, ಇಂಗ್ಲಿಷಿನಲ್ಲಿ, ಒಂದೆರಡು ಸಾಲು! ಕೆಲವದರಲ್ಲಂತೂ ಕೈಪಿಡಿ ಇರುವುದೇ ಕಾರಿನ ಪರದೆಯೊಳಗೆ. ಹಾಡು ಕೇಳುವ ವಿವರಕ್ಕಿರುವ ಜಾಗ ಘಾಟಿ ಇಳಿಯುವವರಿಗೆ ಯಾಕಿಲ್ಲ? ಇದನ್ನು ಸಮಗ್ರ ಅನ್ನಲು ನನಗೆ ಮನಸ್ಸಿಲ್ಲ. ಇಂಥ ಎಚ್ಚರಿಕೆ ಮೊದಲ ಪುಟದಲ್ಲೇ, ಕನ್ನಡ ತಮಿಳು ಎರಡರಲ್ಲೂ, ಚಿತ್ರದ ಸಮೇತ ಇರಬೇಕು.

ಅಲ್ಲಿಯವರೆಗೆ, ನಿಮ್ಮ ಮನೆಗೋ ಪಕ್ಕದ ಮನೆಗೋ ಅಂಥ ಕಾರು ಬಂದರೆ ಆ ಸಾಲನ್ನು ನೀವೇ ಹುಡುಕಿ, ಕನ್ನಡದಲ್ಲಿ ಬರೆದು ಓಡಿಸುವವರ ಕೈಗೆ ಕೊಡಿ.