ಮುಚ್ಚುವುದಲ್ಲ, ಸವೆಸುವುದು!

ಕಾರಿಗೆ ಫಿನಿಷಿಂಗ್ ಪಾಲಿಶ್ ಹಚ್ಚಿದರೆ ಗೀರು ಮುಚ್ಚುತ್ತದೆಂದು ನಾನೂ ನಂಬಿದ್ದೆ. ಅದು ಮುಚ್ಚುವುದಿಲ್ಲ, ಸವೆಸುತ್ತದೆ. ಅದರಲ್ಲಿರುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡಿನ ಅತಿ ನುಣ್ಣನೆಯ ಪುಡಿ. ಬಣ್ಣದ ಮೇಲಿನ ಪಾರದರ್ಶಕ ಪದರದ ದಪ್ಪವೋ ಸುಮಾರು 40-50 ಮೈಕ್ರಾನ್. ತಲೆಗೂದಲಿಗಿಂತಲೂ ತೆಳು! ಮೇಲ್ಮೈ ನುಣುಪಾದಷ್ಟೂ ಬೆಳಕು ಚದುರದೆ ಕನ್ನಡಿಯಲ್ಲಿನಂತೆ ಪ್ರತಿಫಲಿಸುತ್ತದೆ.

ಮೊದಲ ಸಲ ನಾನು ಕಾರು ತೊಳೆಯದೆ, ಬಿಸಿಲಲ್ಲೇ, ಧೂಳೊರೆಸುವ ಬಟ್ಟೆಯಿಂದ ಉಜ್ಜಿದೆ. ಸಂಜೆ ದೀಪದಡಿ ನೋಡಿದರೆ ಬಾನೆಟ್ ತುಂಬ ಜೇಡರಬಲೆಯಂಥ ಗೀರು! ಧೂಳಿನ ಮರಳುಕಣ ಬಣ್ಣಕ್ಕಿಂತ ಗಟ್ಟಿ. ಮೇಷ್ಟ್ರಿಗೇ ಅದು ಮರೆತಿತ್ತು.

ಅಪ್ಪನ ಕಾರಿಗೆ ಕೈಹಚ್ಚುವ ಮಕ್ಕಳೇ, ಮೊದಲು ತೊಳೆದು ಒಣಗಿಸಿ, ನೆರಳಲ್ಲಿ ನಿಲ್ಲಿಸಿ. ಮೆತ್ತನೆಯ ಸ್ಪಂಜಿಗೆ ಬಟಾಣಿಯಷ್ಟು ಪಾಲಿಶ್ ಹಾಕಿ, ಎರಡು ಅಂಗೈಯಷ್ಟು ಜಾಗವನ್ನು ಹಗುರವಾಗಿ ಉಜ್ಜಿ, ಶುಭ್ರ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ನೋಡಿ. ಅಂಚುಗಳಲ್ಲಿ ಎಚ್ಚರ, ಅಲ್ಲಿ ಬಣ್ಣ ಬೇಗ ಸವೆಯುತ್ತದೆ. ಉಗುರಿಗೆ ತಾಗುವಷ್ಟು ಆಳದ ಗೀರನ್ನು ಪೇಂಟರಿಗೆ ಬಿಡಿ.