ನೀರು ಇಳಿದಾಗ ಮೀನು ಎಲ್ಲಿ?



ಶಂಕರನಾರಾಯಣದ ಸುತ್ತಮುತ್ತ ಬೇಸಿಗೆ ಬಂತೆಂದರೆ ತೋಟದ ಮಾತಿನ ಜೊತೆಗೇ ಮೀನಿನ ಮಾತೂ ಬರುತ್ತದೆ. "ನಿನ್ನೆ ಇದ್ದ ಮೀನು ಇವತ್ತು ಎಲ್ಲಿ ಹೋಯ್ತು ಮಾರಾಯ್ರೆ?" ಎಂದು ನನ್ನನ್ನು ಕೇಳಿದವರು ಹಲವರು. ಮೀನು ಊರು ಬಿಟ್ಟಿರುವುದಿಲ್ಲ. ನೀರು ಸರಿದಂತೆ ಅದೂ ಸರಿದಿರುತ್ತದೆ.

ವಾರಾಹಿಯನ್ನೇ ನೋಡಿ. 1989ರಲ್ಲಿ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರ ಆರಂಭವಾದ ಮೇಲೆ ಅಲ್ಲಿ ಯಂತ್ರ ತಿರುಗಿದಾಗ ಹೊಳೆ ಏರುತ್ತದೆ, ನಿಂತಾಗ ಇಳಿಯುತ್ತದೆ. (ನಡುಬಂಡೆಯ ಮೇಲೆ ಗಾಳ ಹಿಡಿದು ಕೂರುವ ಹುಡುಗರು ಇದನ್ನು ಮರೆಯಬಾರದು. ನೀರು ಏರತೊಡಗಿದರೆ ಗಾಳ ಬಿಟ್ಟಾದರೂ ದಡ ಸೇರಬೇಕು.) ಅಣೆಕಟ್ಟಿನ ಹಿಂದೆ ನೀರು ನಿಧಾನವಾಗಿ ಏರುವಾಗ ಮುಳುಗಿದ ಹುಲ್ಲಿನ ಅಂಚಿಗೆ ಹುಳುಹುಪ್ಪಟೆ ಅರಸಿ ಸಣ್ಣ ಮೀನು ಬರುತ್ತವೆ, ಅವುಗಳ ಬೆನ್ನಿಗೆ ಅವಲು. ಇಳಿಯತೊಡಗಿದರೆ ಮೊದಲು ದಂಡೆ ಬಿಟ್ಟು ಹಳೆಯ ಪಾತ್ರ, ಬಂಡೆಯ ನೆರಳು, ಮಡು ಸೇರುತ್ತವೆ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಆದ್ದರಿಂದ ಗೆಂಡೆ ಜಾತಿಯವು ತೊರೆ ಬಂದು ಕೂಡುವ ಬಾಯಿಗೆ ಹೋಗುತ್ತವೆ. ಅವಲು, ಮುಗುಡು ಮಾತ್ರ ಮೇಲೆ ಬಂದು ಗಾಳಿ ಕುಡಿಯುತ್ತವೆ. ಬೆಳಗಿನ ಜಾವ ಅಲುಗದೆ ಕುಳಿತರೆ ಆ "ಬುಳಕ್" ಸದ್ದೇ ಜಾಗ ತೋರಿಸುತ್ತದೆ.

ಇಷ್ಟು ತಿಳಿದವನಿಗೆ ಒಂದು ಗಾಳ ಸಾಕು. ತಿಳಿಯದವನು ಕಿಂಡಿ ಅಣೆಕಟ್ಟಿನ ಹಲಗೆಗೇ ಕೈ ಹಾಕುತ್ತಾನೆ. ಒಂದು ಊರಿನಲ್ಲಿ ನಾನೇ ಕಂಡದ್ದು: ಏಪ್ರಿಲ್ ತಿಂಗಳು, ರಾತ್ರೋರಾತ್ರಿ ಯಾರೋ ಎರಡು ಹಲಗೆ ಎತ್ತಿ ಕೆಳಗೆ ಬಲೆ ಒಡ್ಡಿದ್ದರು. ಸಿಕ್ಕಿದ್ದು ಒಂದು ಬುಟ್ಟಿ ಮೀನು. ಬೆಳಗಾಗುವಾಗ ಪಂಪಿನ ಫುಟ್‌ವಾಲ್ವು ಗಾಳಿಯಲ್ಲಿತ್ತು. ಮತ್ತೆ ಮಳೆ ಬರುವವರೆಗೆ ಆ ನೀರು ತುಂಬಲಿಲ್ಲ. ಮೇಲಿನ ತೋಟಗಳಲ್ಲಿ ಎಳೆಯಡಿಕೆ ಉದುರಿ ಬುಡ ಹಸಿರಾಗಿತ್ತು. ಯಾರೆಂಬುದು ಊರಿಗೆಲ್ಲ ಗೊತ್ತು, ಹೇಳುವವರಿಲ್ಲ.

ವಿಷ ಕದಡುವುದು, ತೋಟೆ ಸಿಡಿಸುವುದು ಇನ್ನೂ ಕೆಟ್ಟದ್ದು. 1897ರ ಮೀನುಗಾರಿಕೆ ಕಾಯಿದೆಯೇ ಇವೆರಡನ್ನೂ ಅಪರಾಧವೆಂದಿತು. ದನಕರು ಕುಡಿಯುವುದೂ ಅದೇ ನೀರನ್ನಲ್ಲವೇ?

ಮೀನು ಹಿಡಿಯಬೇಡಿ ಎಂದು ನಾನು ಹೇಳಲಾರೆ. ನನಗೂ ಮೀನಿನ ರುಚಿ ಗೊತ್ತು. ಆದರೆ ಪ್ರತಿ ಹೊಳೆಯಲ್ಲೂ ಎಲ್ಲಕ್ಕಿಂತ ಆಳದ ಒಂದು ಮಡುವನ್ನು ಬೇಸಿಗೆಯಲ್ಲಿ ಮುಟ್ಟದೆ ಬಿಡಿ. ಮೊದಲ ಮಳೆಗೆ ನಿಮ್ಮ ಗದ್ದೆಗೆ ಹತ್ತುವ ಮೀನು ಅಲ್ಲಿಂದಲೇ ಬರಬೇಕು. ಹಲಗೆ ತೆಗೆಯುವ ದಿನವನ್ನು ಆ ನೀರು ಬಳಸುವವರೆಲ್ಲ ಸೇರಿ ನಿಶ್ಚಯಿಸಿ. ಹಲಗೆಗೆ ಸರಪಳಿ ಹಾಕಿ, ಬೀಗದ ಕೈ ಕಟ್ಟಕಡೆಯ ತೋಟದವರ ಬಳಿ ಇರಲಿ.