ಓಡುವ ಕುದುರೆಯ ಆ ಜಿಫ್: ಫಾರ್ವರ್ಡ್ ಹೇಳುವುದೆಲ್ಲ ನಿಜವೇ?

ಕುದುರೆಯೊಂದು ಓಡುತ್ತಲೇ ಇರುವ ಹಳೆಯ ಕಪ್ಪು-ಬಿಳುಪು ಜಿಫ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ‘1878ರಲ್ಲಿ 25,000 ಡಾಲರ್ ಬಾಜಿ ಗೆಲ್ಲಲು ತೆಗೆದ, ಜಗತ್ತಿನ ಮೊದಲ ಸಿನಿಮಾ’ ಎಂಬ ಒಕ್ಕಣೆ ಜೊತೆಗಿರುತ್ತದೆ. ಇದರಲ್ಲಿ ನಿಜವೆಷ್ಟು?

1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ ಓಡುವ ಕುದುರೆಯ ಸರಣಿ ಫೋಟೊ ತೆಗೆದದ್ದು ನಿಜ. ಖರ್ಚು ಹಾಕಿದ್ದು ರೈಲ್ವೆ ಉದ್ಯಮಿ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್. ಬಾಜಿಯ ಕಥೆಗೆ ಮಾತ್ರ ಆಧಾರವಿಲ್ಲ. ಸಿನಿಮಾ ಎನ್ನುವುದೂ ಸರಿಯಲ್ಲ, ಏಕೆಂದರೆ ಅವು ಬೇರೆ ಬೇರೆ ಗಾಜಿನ ಫಲಕಗಳ ಮೇಲೆ ಮೂಡಿದ ಬಿಡಿ ಫೋಟೊಗಳು.

ನಿಜವಾದ ಸಾಹಸ ಇದ್ದದ್ದು ಸಮಯ ಹೊಂದಿಸುವುದರಲ್ಲಿ. ಓಟದ ದಾರಿಯ ಪಕ್ಕ 27 ಇಂಚಿಗೊಂದರಂತೆ 12 ಕ್ಯಾಮೆರಾ, ಪ್ರತಿಯೊಂದಕ್ಕೂ ದಾರಿಗೆ ಅಡ್ಡಲಾಗಿ ಕಟ್ಟಿದ ಒಂದು ದಾರ. ಸ್ಯಾಲಿ ಗಾರ್ಡ್ನರ್ ಎಂಬ ಕುದುರೆ ದಾರಗಳನ್ನು ಹರಿದುಕೊಂಡು ಓಡಿದಂತೆ ಷಟರ್‌ಗಳು ಒಂದಾದ ಮೇಲೊಂದು ಬಿದ್ದವು. ಅದರ ವೇಗ 1 ನಿಮಿಷ 40 ಸೆಕೆಂಡಿಗೆ ಒಂದು ಮೈಲಿ, ಅಂದರೆ ಸೆಕೆಂಡಿಗೆ ಸುಮಾರು 16 ಮೀಟರ್. ಲೆಕ್ಕ ಹಾಕಿದರೆ ಎರಡು ಫೋಟೊಗಳ ನಡುವೆ ಸೆಕೆಂಡಿನ ಸುಮಾರು 25ನೇ ಒಂದು ಭಾಗ. ಆದರೆ ದಾರಕ್ಕೆ ಗೊತ್ತಿರುವುದು ದೂರ ಮಾತ್ರ, ಕಾಲವಲ್ಲ! ಕುದುರೆ ವೇಗ ಬದಲಿಸಿದರೆ ಅಂತರವೂ ಬದಲಾಗುತ್ತದೆ. ಮುಂದೆ ಮೈಬ್ರಿಜ್ ದಾರ ಬಿಟ್ಟು ಗಡಿಯಾರ ಯಂತ್ರದ ಮೊರೆ ಹೋದರು.

ಷಟರ್ ತೆರೆದಿರುವ ಹೊತ್ತೂ ಅಷ್ಟೇ ಮುಖ್ಯ. ಸೆಕೆಂಡಿನ 100ನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲೇ ಕುದುರೆ 16 ಸೆಂಟಿಮೀಟರ್ ಸಾಗಿ, ಚಿತ್ರ ಕಲಸಿಹೋಗುತ್ತದೆ. ಮೈಬ್ರಿಜ್ ಹೇಳಿಕೊಂಡದ್ದು 2000ನೇ ಒಂದು ಭಾಗಕ್ಕಿಂತ ಕಡಿಮೆ. ಆಗ 8 ಮಿಲಿಮೀಟರ್ ಕೂಡ ಆಗದು. ಇಷ್ಟು ಕಡಿಮೆ ಬೆಳಕಿನಿಂದಾಗಿಯೇ ಸ್ಯಾಲಿ ಬಹುತೇಕ ಕಪ್ಪು ನೆರಳಿನಂತೆ ಕಾಣುತ್ತದೆ.

ನಾಲ್ಕೂ ಕಾಲು ನೆಲ ಬಿಡುವ ಕ್ಷಣ ಅದರಲ್ಲಿ ಸಿಕ್ಕಿತು. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲು ಚಾಚಿದಾಗಲ್ಲ, ಹೊಟ್ಟೆಯಡಿ ಮಡಚಿಕೊಂಡಾಗ. ಪ್ಯಾರಿಸ್‌ನ ಲೂವ್ರ್‌ನಲ್ಲಿರುವ ಜೆರಿಕೊನ 1821ರ ‘ಎಪ್ಸಮ್ ಡರ್ಬಿ’ ಚಿತ್ರದ ಕುದುರೆಗಳು ಓಡುವ ರೀತಿಯಲ್ಲಿ ಯಾವ ಕುದುರೆಯೂ ಓಡುವುದಿಲ್ಲ. ಚಿತ್ರ ಚೆನ್ನಾಗಿದೆ, ಅದು ಬೇರೆ ಮಾತು.

ಇನ್ನು ನಿಮಗೆ ಬಂದ ಜಿಫ್. ಅದರಲ್ಲಿ ಕುದುರೆ ಮತ್ತು ಸವಾರ ಸ್ಪಷ್ಟವಾಗಿ ಕಾಣುತ್ತಿದ್ದರೆ ಅದು ಬಹುಶಃ ಸ್ಯಾಲಿಯೇ ಅಲ್ಲ. ಹೆಚ್ಚು ಹರಿದಾಡುವುದು ಆ್ಯನಿ ಜಿ. ಎಂಬ ಇನ್ನೊಂದು ಕುದುರೆಯ ಜಿಫ್. ಆ ಫೋಟೊಗಳನ್ನು ಮೈಬ್ರಿಜ್ ಮುಂದೆ ಫಿಲಡೆಲ್ಫಿಯಾದಲ್ಲಿ ತೆಗೆದು, 1887ರಲ್ಲಿ ಪ್ರಕಟಿಸಿದರು.